ಮಾಲ್ಗುಡಿಗೆ ಹೋಗುವ ರೈಲು

ಮಲ್ಲೇಶ್ವರಕ್ಕೆ ಒಂದು ರೈಲ್ವೆ ಸ್ಟೇಷನ್ ಇದೆ. ನಿಮ್ಮಲ್ಲಿ ಎಷ್ಟು ಜನ ಅಲ್ಲಿ ರೈಲು ಹತ್ತಿದ್ದೀರಿ? ಸಂಪಿಗೆ ರಸ್ತೆಯಲ್ಲಿ ದೋಸೆ ತಿಂದಿದ್ದೀರಿ, ಎಂಟನೇ ಕ್ರಾಸಿನಲ್ಲಿ ಗೌರಿ ಹಬ್ಬಕ್ಕೆ ಹೂವು ಕೊಂಡಿದ್ದೀರಿ, ಮೆಟ್ರೋ ಇಳಿದು ಮಾಲ್‌ಗೆ ಹೋಗಿದ್ದೀರಿ. ಆದರೆ ಅಲ್ಲೇ ಪಕ್ಕದಲ್ಲಿ ಹಳಿ ಇದೆ, ಪ್ಲಾಟ್‌ಫಾರ್ಮ್ ಇದೆ, ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರದಲ್ಲಿ ಊರಿನ ಹೆಸರೂ ಇದೆ. ಸಿಟಿ ಸ್ಟೇಷನ್ನಿಂದ ಯಶವಂತಪುರದ ಕಡೆ ಹೋಗುವ ಬಹುತೇಕ ಎಕ್ಸ್‌ಪ್ರೆಸ್ ಗಾಡಿಗಳು ಅಲ್ಲಿ ನಿಲ್ಲದೆ ದಡದಡ ಅಂತ ಹಾದು ಹೋಗ್ತವೆ.

ಈ ಮಾತು ಈಗ ಯಾಕೆ ಅಂದ್ರೆ, 2021ರ ಜುಲೈನಲ್ಲಿ ಯಶವಂತಪುರ–ಮಂಗಳೂರು ರೈಲಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಜೋಡಿಸಿದರಲ್ಲ, ಅವತ್ತಿನಿಂದ ನಮ್ಮ ಫೋನ್ ತುಂಬ ರೈಲೋ ರೈಲು. ಸಕಲೇಶಪುರದ ಮಂಜು, ಸುರಂಗ, ಜಲಪಾತ, ಹಿನ್ನೆಲೆಗೆ ಒಂದು ಹಳೇ ಸಿನಿಮಾ ಹಾಡು. ಕೆಳಗೆ ಎಲ್ಲರದ್ದೂ ಒಂದೇ ಮಾತು: ಆಹಾ, ಆ ಕಾಲ ಎಷ್ಟು ಚೆನ್ನಾಗಿತ್ತು. ಯಾವ ಕಾಲ ಸ್ವಾಮಿ? ಯಾರಿಗೆ ಚೆನ್ನಾಗಿತ್ತು? ಒಂದ್ಸಲ ಕಿಟಕಿಯಿಂದ ಕಣ್ಣು ತೆಗೆದು ಹಳಿ ಕಡೆ ನೋಡೋಣ ಬನ್ನಿ.

ಮೊದಲು ಕಥೆಯಲ್ಲಿರೋ ಸ್ಟೇಷನ್ನು. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ. ಮಲ್ಲೇಶ್ವರದ ಮುಂದಿನ ಅರ್ಧ, ಬಸವನಗುಡಿಯ ಹಿಂದಿನ ಅರ್ಧ ಸೇರಿಸಿದರೆ ಮಾಲ್ಗುಡಿ ಆಗುತ್ತೆ ಅನ್ನೋದು ನಮ್ಮ ಬೆಂಗಳೂರಿಗರ ಗಟ್ಟಿ ನಂಬಿಕೆ. ಗಾಂಧಿ ಬಜಾರಿನಲ್ಲಿ ಕಾಫಿ ಹೀರುತ್ತಾ ಈ ಮಾತು ಹೇಳದ ಹಿರಿಯರಿಲ್ಲ. ನಾರಾಯಣ್ ಬರೆದಿದ್ದು ಮಾತ್ರ ಬೇರೆ. 1930ರ ಸೆಪ್ಟೆಂಬರ್‌ನಲ್ಲಿ ಒಂದು ದಿನ, ಅಜ್ಜಿ ನೋಡಿಕೊಟ್ಟ ಒಳ್ಳೆಯ ಗಳಿಗೆಯಲ್ಲಿ, ನೋಟ್‌ಬುಕ್ ತೆರೆದು ಕೂತಿದ್ದಾಗ ಪುಟ್ಟ ರೈಲ್ವೆ ಸ್ಟೇಷನ್ ಸಮೇತ ಆ ಊರು ಇದ್ದಕ್ಕಿದ್ದಂತೆ ಕಣ್ಣ ಮುಂದೆ ಬಂತು ಅನ್ನೋ ಅರ್ಥದಲ್ಲಿ ತಮ್ಮ ಆತ್ಮಕಥೆ ‘ಮೈ ಡೇಸ್’ನಲ್ಲಿ ಹೇಳಿಕೊಂಡಿದ್ದಾರೆ. ಗಮನಿಸಿ, ದೇವಸ್ಥಾನ ಬರಲಿಲ್ಲ, ಮಾರ್ಕೆಟ್ ಬರಲಿಲ್ಲ. ಊರಿನ ಜೊತೆ ಮೊದಲು ಬಂದಿದ್ದು ಸ್ಟೇಷನ್ನು. ಆ ಕಾಲದ ಮೈಸೂರು ಸೀಮೆಯಲ್ಲಿ ಒಂದು ಊರು ಊರು ಅನ್ನಿಸಿಕೊಳ್ಳೋಕೆ ಅದು ಬೇಕಿತ್ತು.

ತಮಾಷೆ ಏನಪ್ಪಾ ಅಂದ್ರೆ, ನಮ್ಮ ನಂಬಿಕೆಯ ಅರ್ಧ ಮಾಲ್ಗುಡಿಗೆ, ಅಂದ್ರೆ ಬಸವನಗುಡಿಗೆ, ರೈಲೇ ಇಲ್ಲ. ಇನ್ನರ್ಧಕ್ಕೆ ಇರೋ ಸ್ಟೇಷನ್ನನ್ನ ಯಾರೂ ನೋಡಲ್ಲ. ಶಂಕರ್ ನಾಗ್ ಅವರು ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ಮಾಡುವಾಗ ಬೆಂಗಳೂರು ಬಿಟ್ಟು ಆಗುಂಬೆಗೆ ಹೋದರು. ಆಗುಂಬೆಗೆ ಹಳಿ ಎಲ್ಲಿಂದ ಬರಬೇಕು? ಸ್ಟೇಷನ್ ದೃಶ್ಯಗಳಿಗೆ ಅವರು ಹುಡುಕಿಕೊಂಡಿದ್ದು ಶಿವಮೊಗ್ಗ–ತಾಳಗುಪ್ಪ ಲೈನಿನ ಅರಸಾಳು ಅನ್ನೋ ಪುಟ್ಟ ಸ್ಟೇಷನ್ನು. ಆ ಹಳೇ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಅಂದು ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ 2020ರಲ್ಲಿ ಅದಕ್ಕೆ ಮರುಜೀವ ಕೊಟ್ಟರು. ಅರಸಾಳಿಗೆ ಆಮೇಲೆ ಬರ್ತೀನಿ.

ಈಗ ಬೆಂಗಳೂರಿಗೆ ವಾಪಸ್ಸು. ಮಲ್ಲೇಶ್ವರ, ಬಸವನಗುಡಿ ಹುಟ್ಟಿದ್ದು ಹೇಗೆ? ಪ್ಲೇಗಿನಿಂದ ಅಂತ ಎಲ್ಲರಿಗೂ ಗೊತ್ತು. 1898ರ ಆಗಸ್ಟ್‌ನಲ್ಲಿ ಮಹಾಮಾರಿ ಪೇಟೆಗೆ ನುಗ್ಗಿತು. ಚಿಕ್ಕಪೇಟೆ, ಬಳೇಪೇಟೆ, ಕಾಟನ್‌ಪೇಟೆಯ ಒತ್ತೊತ್ತಾದ ಬೀದಿಗಳಲ್ಲಿ ಮೊದಲು ಇಲಿ ಬಿದ್ದವು, ಆಮೇಲೆ ಮನುಷ್ಯರು. ಜನ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡರು. ಇವತ್ತಿಗೂ ನಗರದಲ್ಲಿ ಪ್ಲೇಗಿನ ಅಮ್ಮನ ಗುಡಿಗಳಿವೆಯಲ್ಲ, ಅವೆಲ್ಲ ಆ ಭಯದ ಗುರುತು. ಗಾಳಿ ಬೆಳಕು ಇರುವ, ಅಗಲ ರಸ್ತೆಯ, ಹಿತ್ತಿಲಲ್ಲಿ ಓಣಿ ಇರುವ ಹೊಸ ಬಡಾವಣೆ ಬೇಕು ಅಂತ ಸರ್ಕಾರಕ್ಕೆ ಆತುರ ಹುಟ್ಟಿದ್ದು ಆಗಲೇ. ಚಾಮರಾಜಪೇಟೆ 1892ರಲ್ಲೇ ಬಂದಿತ್ತು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ತಲೆ ಎತ್ತಿದವು.

ಆದರೆ ಆ ಪ್ಲೇಗು ಬೆಂಗಳೂರಿಗೆ ಬಂದಿದ್ದು ಹೇಗೆ? 1896ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ರೋಗ ಹುಬ್ಬಳ್ಳಿ ಕಡೆಯಿಂದ ರೈಲು ಹಾದಿ ಹಿಡಿದು ಬಂತು. ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ಹರಿಹರದ ಕಡೆ ಹಾಕಿದ ಹಳಿ 1889ರ ಹೊತ್ತಿಗೆ ಉತ್ತರ ಕರ್ನಾಟಕಕ್ಕೆ ನಂಟು ಬೆಸೆದಿತ್ತು. ಅದೇ ಹಳಿ ಇವತ್ತು ಮಲ್ಲೇಶ್ವರದ ಪಕ್ಕದಲ್ಲಿ ಹೋಗುತ್ತೆ. ಯಾವ ಲೈನು ರೋಗ ಹೊತ್ತು ತಂತೋ, ಆ ಲೈನಿನ ಪಕ್ಕದಲ್ಲೇ ರೋಗದಿಂದ ಓಡಿ ಬಂದವರು ಮನೆ ಕಟ್ಟಿದರು! ನಮ್ಮ ಪ್ರೀತಿಯ ಮಲ್ಲೇಶ್ವರ, ಬಸವನಗುಡಿ ಎರಡೂ ಒಂದರ್ಥದಲ್ಲಿ ರೈಲಿನ ಕೂಸುಗಳೇ. ಸುಂದರವಾದ ಹುಟ್ಟಲ್ಲ, ಆದರೆ ನಿಜವಾದ ಹುಟ್ಟು.

ಇನ್ನೂ ಸ್ವಲ್ಪ ಹಿಂದೆ ಹೋದರೆ ಕಥೆ ಮತ್ತೂ ಕಹಿ. ಬೆಂಗಳೂರಿಗೆ ಮೊದಲ ರೈಲು ಬಂದಿದ್ದು 1864ರಲ್ಲಿ, ಜೋಲಾರಪೇಟೆ ಕಡೆಯಿಂದ ಕಂಟೋನ್ಮೆಂಟಿಗೆ. ಬ್ರಿಟಿಷರ ದಂಡಿಗೆ ಅನುಕೂಲ. ಹಳೇ ಪೇಟೆಗಾಗಲಿ, ಮೈಸೂರು ಸೀಮೆಗಾಗಲಿ ಅದರಿಂದ ದೊಡ್ಡ ಉಪಕಾರವಿರಲಿಲ್ಲ. ಆಮೇಲೆ ಬಂತು ನೋಡಿ, 1876ರಿಂದ 78ರ ಮಹಾಕ್ಷಾಮ, ಧಾತು ಈಶ್ವರದ ಬರ ಅಂತ ಅಜ್ಜಿಯಂದಿರು ನಡುಗಿಕೊಂಡು ಹೇಳ್ತಿದ್ದರಲ್ಲ, ಅದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಕುಸಿಯಿತು ಅಂದ್ರೆ ಲೆಕ್ಕ ಹಾಕಿ.

ಆ ಬರದಲ್ಲಿ ಧಾನ್ಯ ಇರಲಿಲ್ಲವಾ? ಇತ್ತು. ಮದ್ರಾಸಿನಿಂದ ರೈಲಿನಲ್ಲಿ ಬೆಂಗಳೂರಿನ ತನಕ ಬರ್ತಿತ್ತು. ಅಲ್ಲಿಂದ ಮುಂದೆ? ಎತ್ತಿನ ಗಾಡಿ. ಮೇವಿಲ್ಲದೆ ಎತ್ತುಗಳೇ ಸಾಯ್ತಿದ್ದವು. ಸ್ಟೇಷನ್ನಿನಲ್ಲಿ ಮೂಟೆ ಬಿದ್ದಿವೆ, ಹಳ್ಳಿಯಲ್ಲಿ ಹೆಣ ಬೀಳ್ತಿವೆ. ಹಳಿ ಮುಗಿದ ಕಡೆ ಅನ್ನ ಮುಗಿಯಿತು. ಬೆಂಗಳೂರು–ಮೈಸೂರು ಮೀಟರ್ ಗೇಜ್ ಲೈನಿಗೆ ವೇಗ ಸಿಕ್ಕಿದ್ದು ಈ ಪಾಠದಿಂದ. ಕ್ಷಾಮ ಪರಿಹಾರದ ಕೆಲಸ ಅಂತ ಹಸಿದ ಜನ ಮಣ್ಣು ಹೊತ್ತು ಏರಿ ಹಾಕಿದರು. 1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯ ವಾಪಸ್ ಬಂತು, ರಂಗಾಚಾರ್ಲು ದಿವಾನರಾದರು. ಬೊಕ್ಕಸದಲ್ಲಿ ಬರದ ಸಾಲವೇ ತುಂಬಿತ್ತು. ಆದರೂ ಲೈನು ನಿಲ್ಲಲಿಲ್ಲ, 1882ರಲ್ಲಿ ಮೈಸೂರು ಮುಟ್ಟಿತು. ಮೈಸೂರಿನ ರೈಲು ಮ್ಯೂಸಿಯಂನಲ್ಲಿ 1899ರ ಮಹಾರಾಣಿ ಸಲೂನ್ ಬೋಗಿ ನೋಡಿ ಬಾಯಿ ಬಿಡ್ತೀವಲ್ಲ, ಅದು ಓಡಾಡಿದ ಹಳಿ ಈ ಏರಿಯ ಮೇಲಿತ್ತು. ಸಲೂನಿಗೆ ಮ್ಯೂಸಿಯಂ ಇದೆ, ಮಣ್ಣು ಹೊತ್ತವರಿಗೆ ಒಂದು ಕಲ್ಲಾದರೂ ಇದೆಯಾ?

ಇನ್ನೊಂದು ಲೈನಿನ ವಿಚಾರ ಹೇಳಲೇಬೇಕು. ಯಲಹಂಕ–ಚಿಕ್ಕಬಳ್ಳಾಪುರದ ಪುಟಾಣಿ ರೈಲು. ಎರಡೂವರೆ ಅಡಿ ಅಗಲದ ಹಳಿ. 1915ರಲ್ಲಿ ಶುರು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಇದಕ್ಕಾಗಿ ಬೆಂಗಳೂರು ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಅಂತ ಕಂಪನಿಯೇ ಹುಟ್ಟಿತು. ಪಕ್ಕದ ಕೋಲಾರದಲ್ಲಿ ಡಿಸ್ಟ್ರಿಕ್ಟ್ ಬೋರ್ಡ್ ತನ್ನದೇ ರೈಲು ಮಾಡಿತು. ಜಿಲ್ಲೆಯ ಬೋರ್ಡು ರೈಲು ಓಡಿಸೋದು! ಈಗ ಜಿಲ್ಲಾ ಪಂಚಾಯ್ತಿಗೆ ಬಸ್ ಶೆಲ್ಟರ್ ಕಟ್ಟೋಕೆ ಬೆಂಗಳೂರಿನ ಫೈಲ್ ಬೇಕು. ಆ ದಾರಿಯಲ್ಲಿ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಅಂತ ಮುದ್ದಾದ ಕಲ್ಲಿನ ಸ್ಟೇಷನ್ನುಗಳು. ದ್ರಾಕ್ಷಿ, ರೇಷ್ಮೆಗೂಡು, ತರಕಾರಿ, ಕೋರ್ಟಿಗೆ ಹೊರಟವರು, ಕಾಲೇಜಿಗೆ ಹೊರಟವರು, ಇದು ಆ ಲೈನಿನ ಕಾಯಕ.

ಹಾಗಂತ ಆ ದಿನಗಳು ಸ್ವರ್ಗ ಆಗಿದ್ದವು ಅಂತ ನಾನೂ ಹೇಳಲ್ಲ. ಹೊಗೆಬಂಡಿ ಹತ್ತಿದವರನ್ನ ಕೇಳಿ ನೋಡಿ. ಕಿಟಕಿ ಪಕ್ಕ ಕೂತರೆ ಕಣ್ಣಿಗೆ ಕಲ್ಲಿದ್ದಲ ಕಿಡಿ, ಬಿಳೀ ಪಂಚೆ ಮೈಸೂರು ಸೇರೋ ಹೊತ್ತಿಗೆ ಬೂದಿ ಬಣ್ಣ. ಕ್ರಾಸಿಂಗ್ ಅಂತ ಹೇಳಿ ಎಲ್ಲೋ ನಿಲ್ಲಿಸಿದರೆ ಎದುರಿನ ಗಾಡಿ ಬರೋ ತನಕ ಕಾಯಬೇಕು. ಮದ್ದೂರು ವಡೆಯ ಕಥೆಯೂ ಕಾಯುವ ಕಥೆಯೇ ಅಲ್ವಾ? 1917ರ ಸುಮಾರಿಗೆ ಮದ್ದೂರು ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರು, ಪಕೋಡದ ಹಿಟ್ಟನ್ನೇ ತಟ್ಟಿ ವಡೆ ಮಾಡಿದರು, ಅದೇ ನಿಂತುಬಿಟ್ಟಿತು ಅಂತ ಹೇಳ್ತಾರೆ. ರಾಮನಗರದ ಬಂಡೆ, ಚನ್ನಪಟ್ಟಣದ ಗೊಂಬೆ, ಮದ್ದೂರಿನ ವಡೆ, ಶ್ರೀರಂಗಪಟ್ಟಣದ ಕಾವೇರಿ, ಎಲ್ಲ ನೆನಪಿರೋದು ರೈಲು ನಿಧಾನವಾಗಿತ್ತು ಅಂತ. ಎಕ್ಸ್‌ಪ್ರೆಸ್ ಹೈವೇಯಲ್ಲಿ ಯಾವ ಊರೂ ಬರಲ್ಲ, ಟೋಲ್ ಮಾತ್ರ ಬರುತ್ತೆ. (ಅದರ ಬಗ್ಗೆ ಇನ್ನೊಂದು ದಿನ ಕೂಗಾಡೋಣ.)

1993ರಲ್ಲಿ ಬೆಂಗಳೂರು–ಮೈಸೂರು ಬ್ರಾಡ್ ಗೇಜ್ ಆಯಿತು. ಒಂದೇ ದೇಶಕ್ಕೆ ಒಂದೇ ಅಗಲದ ಹಳಿ ಬೇಕು ಅಂತ ಕೇಂದ್ರ ಹಟ ಹಿಡಿದ ಕಾಲ ಅದು. ಸರಿಯಾದ ನಿರ್ಧಾರವೇ. ಒಂದು ಗೇಜಿನ ವ್ಯಾಗನ್ನಿನಿಂದ ಇನ್ನೊಂದಕ್ಕೆ ಮೂಟೆ ಹೊರಿಸೋದು, ಒಂದು ಗಾಡಿ ಇಳಿದು ಇನ್ನೊಂದಕ್ಕೆ ಟ್ರಂಕು ಹೊತ್ತು ಓಡೋದು ಯಾರಿಗೆ ಬೇಕು? ಇವತ್ತು ಮೈಸೂರಿನಿಂದ ದೆಹಲಿ ತನಕ ಇಳಿಯದೆ ಹೋಗಬಹುದು ಅಂದ್ರೆ ಅದು ಆ ಬದಲಾವಣೆಯ ಫಲ. ನನ್ನ ತಕರಾರು ಅಗಲದ ಮೇಲಲ್ಲ. ಗೇಜು ಅಗಲವಾದಾಗ ಎಷ್ಟೋ ಕಡೆ ಸ್ಟೇಷನ್ನುಗಳು ಕಿರಿದಾದವು. ವೇಗದ ಗಾಡಿ ಬಂತು, ನಿಲ್ಲುವ ಗಾಡಿ ಹೋಯಿತು.

ಇದು ಚೆನ್ನಾಗಿ ಕಾಣೋದು ತಾಳಗುಪ್ಪ ಲೈನಿನಲ್ಲಿ. ನಾನು ಅರಸಾಳಿಗೆ ಬರ್ತೀನಿ ಅಂದಿದ್ದೆ. ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂದಿತ್ತು. ಅಲ್ಲಿಂದ ಸಾಗರದ ಮೇಲೆ ತಾಳಗುಪ್ಪಕ್ಕೆ ಹಳಿ ಮುಟ್ಟಿದ್ದು 1940ರಲ್ಲಿ. ಜೋಗದ ವಿದ್ಯುತ್ ಯೋಜನೆಯ ಕಾಲ. ನೂರು ಕಿಲೋಮೀಟರಿಗೆ ತುಸು ಕಡಿಮೆ ದಾರಿ, ಪೂರ್ತಿ ಮಲೆನಾಡು. ಆದಾಯ ಇಲ್ಲ ಅಂತ ಕೊನೆಕೊನೆಗೆ ಅಲ್ಲಿ ರೈಲಿನ ಬದಲು ರೈಲ್‌ಬಸ್ ಓಡಿಸಿದರು. ಬಸ್ಸಿನಂಥದ್ದೇ ಒಂದೇ ಒಂದು ಡಬ್ಬಿ, ರೈಲಿನ ಗಾಲಿ. ಹಳ್ಳಿಯವರು ಹಳಿ ಪಕ್ಕ ನಿಂತು ಕೈ ತೋರಿಸಿದರೆ ಚಾಲಕ ನಿಲ್ಲಿಸ್ತಿದ್ದ ಅಂತ ಆ ಕಡೆಯವರು ಇವತ್ತಿಗೂ ನೆನೆಸಿಕೊಳ್ತಾರೆ. ರೈಲು, ಕೈ ತೋರಿಸಿದರೆ ನಿಲ್ಲುತ್ತೆ! ವಂದೇ ಭಾರತ್ ಎದುರು ಕೈ ತೋರಿಸಿ ನೋಡಿ.

2007ರಲ್ಲಿ ಗೇಜ್ ಪರಿವರ್ತನೆಗೆ ಅದು ನಿಂತಿತು. ಆಮೇಲೆ ಬ್ರಾಡ್ ಗೇಜ್ ಬಂತು, ಈಗ ತಾಳಗುಪ್ಪದವರು ಬೆಂಗಳೂರಿಗೆ ನೇರ ರೈಲಿನಲ್ಲಿ ಬರ್ತಾರೆ. ಒಳ್ಳೆಯದಾಯ್ತು. ಆದರೆ ಆ ರೈಲ್‌ಬಸ್ಸಿನಲ್ಲಿ ಅಡಕೆ ಚೀಲ ಇಟ್ಟುಕೊಂಡು, ಮಗುವನ್ನ ಕಂಕುಳಲ್ಲಿ ಎತ್ತಿಕೊಂಡು ನಡುದಾರಿಯಲ್ಲಿ ಹತ್ತುತ್ತಿದ್ದ ಹೆಂಗಸಿಗೆ ಬದಲಿಗೆ ಏನು ಸಿಕ್ಕಿತು? ಅವಳ ನೆನಪಿಗೆ ಯಾವ ಮ್ಯೂಸಿಯಂನಲ್ಲೂ ಗೊಂಬೆ ಇಲ್ಲ. ಸ್ವಾಮಿಗೂ ಅವನ ಗೆಳೆಯರಿಗೂ ಜಾಗ ಸಿಕ್ಕಿರೋದು ನನಗೂ ಖುಷಿಯೇ. ನಾನೂ ಆ ಧಾರಾವಾಹಿ ನೋಡಿ ಬೆಳೆದವನೇ.

ಈಗ ಎಲ್ಲರೂ ಫೋನಿನಲ್ಲಿ ನೋಡೋ ಆ ಘಾಟಿ. ಹಾಸನ–ಮಂಗಳೂರು ಲೈನು ಬ್ರಿಟಿಷರದ್ದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ. ಸ್ವತಂತ್ರ ಭಾರತದ ಎಂಜಿನಿಯರುಗಳು, ಕೂಲಿಗಳು ಕಟ್ಟಿದ್ದು. ಮೀಟರ್ ಗೇಜ್ ಹಳಿ ತೆರೆದಿದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 55 ಕಿಲೋಮೀಟರಿನಲ್ಲಿ ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 50 ಅಡಿ ಮುಂದೆ ಹೋದರೆ ಒಂದು ಅಡಿ ಏರು. ರೈಲಿನ ಮಟ್ಟಿಗೆ ಅದು ಗೋಡೆ ಹತ್ತಿದ ಹಾಗೆ. ಏರುವಾಗ ಮುಂದಿನಿಂದ ಎಳೆಯುವ ಎಂಜಿನ್ ಸಾಲದೆ ಹಿಂದಿನಿಂದ ತಳ್ಳೋಕೂ ಎಂಜಿನ್ ಬೇಕು. ಮಳೆಗಾಲದಲ್ಲಿ ಗುಡ್ಡ ಯಾವಾಗ ಜಾರುತ್ತೆ ಅಂತ ಗ್ಯಾಂಗ್‌ಮನ್‌ಗಳು ರಾತ್ರಿಯಿಡೀ ಹಳಿ ಮೇಲೆ ನಡೀತಾರೆ. ನೀವು ಗಾಜಿನ ಚಾವಣಿಯಿಂದ ಮಂಜು ನೋಡುವಾಗ ಕೆಳಗೆ ಕಿತ್ತಲೆ ಬಣ್ಣದ ಅಂಗಿ ಹಾಕಿಕೊಂಡು ಗೋಡೆಗೆ ಒತ್ತಿ ನಿಂತಿರ್ತಾರಲ್ಲ, ಅವರು.

1996ರಲ್ಲಿ ಪರಿವರ್ತನೆಗೆ ಅಂತ ಈ ಲೈನು ಮುಚ್ಚಿದರು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಹತ್ತಿರ ಹತ್ತಿರ ಹನ್ನೊಂದು ವರ್ಷ! ಬೆಂಗಳೂರಿನ ಹೋಟೆಲುಗಳಲ್ಲಿ ದುಡಿಯುವ ಕರಾವಳಿಯ ಹುಡುಗರು, ಆಸ್ಪತ್ರೆಗೆ ಹೊರಟ ರೋಗಿಗಳು, ಕಾಲೇಜು ಮಕ್ಕಳು, ಎಲ್ಲರೂ ಶಿರಾಡಿ ಘಾಟಿಯ ಗುಂಡಿಯಲ್ಲಿ ರಾತ್ರಿ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋದರು. ಅದೇ ಹೊತ್ತಿನಲ್ಲಿ ನಾವು ಬೆಂಗಳೂರಿನವರು ಏನು ಮಾಡಿದೆವು? ಶನಿವಾರ ಭಾನುವಾರ ಬೆನ್ನಿಗೆ ಚೀಲ ಹಾಕಿ ದೋಣಿಗಾಲ್‌ನಿಂದ ಎಡಕುಮೇರಿ ತನಕ ಆ ಹಳಿ ಮೇಲೆ ಟ್ರೆಕಿಂಗ್ ಹೋದೆವು. ‘ಗ್ರೀನ್ ರೂಟ್’ ಅಂತ ಹೆಸರಿಟ್ಟು ಸಂಭ್ರಮಪಟ್ಟೆವು. ರೈಲು ಓಡದ ಹಳಿ ಕೆಲವರಿಗೆ ಪ್ರವಾಸಿ ತಾಣ, ಇನ್ನು ಕೆಲವರಿಗೆ ಹನ್ನೊಂದು ವರ್ಷದ ಸೊಂಟ ನೋವು. ಆಗ ನಮ್ಮಂಥ ಚಾನೆಲ್‌ನವರೂ ಜಲಪಾತ ತೋರಿಸಿದಷ್ಟು ಆ ಬಸ್ಸು ತೋರಿಸಲಿಲ್ಲ. ಒಪ್ಪಿಕೊಳ್ಳಬೇಕು.

ಹೊರಗಿನವರು ಹಳೇ ರೈಲನ್ನ ಹೇಗೆ ಉಳಿಸಿಕೊಂಡರು ಅಂತ ನೋಡಿದರೆ ಒಂದು ವಿಷಯ ಕಾಣುತ್ತೆ. ವೇಲ್ಸ್‌ನಲ್ಲಿ ಟಾಲಿಲಿನ್ ಅಂತ ಒಂದು ಪುಟ್ಟ ಲೈನು. ಬೆಟ್ಟದಿಂದ ಸ್ಲೇಟು ಕಲ್ಲು ಇಳಿಸೋಕೆ ಹಾಕಿದ್ದು. ಮುಚ್ಚಿಹೋಗುತ್ತೆ ಅನ್ನೋ ಹೊತ್ತಿಗೆ 1951ರಲ್ಲಿ ಊರಿನವರು, ರೈಲು ಹುಚ್ಚರು ಸೇರಿ ಸಂಬಳವಿಲ್ಲದೆ ತಾವೇ ಓಡಿಸಿದರು. ಜಗತ್ತಿನಲ್ಲಿ ಹಾಗೆ ಉಳಿದ ಮೊದಲ ರೈಲು ಅದು. ನಮ್ಮ ಪಕ್ಕದ ನೀಲಗಿರಿ ರೈಲು 2005ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ್ದೂ ಅದು ಇನ್ನೂ ಹಲ್ಲಿನ ಹಳಿ ಕಚ್ಚಿಕೊಂಡು ಮೇಟ್ಟುಪಾಳ್ಯಂನಿಂದ 46 ಕಿಲೋಮೀಟರ್ ಊಟಿಗೆ ಹತ್ತುತ್ತಿದೆ ಅಂತ. ಎರಡು ಕಡೆಯೂ ಉಳಿದಿದ್ದು ಓಡುವ ರೈಲು.

ನಮ್ಮಲ್ಲಿ ಮನಸ್ಸಿಲ್ಲ ಅಂತಲೂ ಅಲ್ಲ. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯನ್ನ 2017ರಲ್ಲಿ ಬುಡ ಸಮೇತ ಎತ್ತಿ ಸುಮಾರು 100 ಮೀಟರ್ ಆಚೆ ಇಟ್ಟರು. ಇಡೀ ಕಟ್ಟಡ, ಒಂದು ಇಟ್ಟಿಗೆ ಬೀಳದ ಹಾಗೆ! ನಂದಿ ಹಾಲ್ಟ್‌ನ ಹಳೇ ಸ್ಟೇಷನ್ನನ್ನ ಇಂಟ್ಯಾಕ್‌ನವರು ಮುತುವರ್ಜಿಯಿಂದ ದುರಸ್ತಿ ಮಾಡಿದ್ದಾರೆ, ಹೋಗಿ ನೋಡಿ, ಕಣ್ಣಿಗೆ ಹಬ್ಬ. ಆದರೆ ಆ ಲೈನಿನ ಟೈಂ ಟೇಬಲ್ ಕೂಡ ನೋಡಿಕೊಂಡು ಹೋಗಿ. 2021ರ ಜನವರಿಯಲ್ಲಿ ಏರ್‌ಪೋರ್ಟ್ ಹಾಲ್ಟ್ ಅಂತ ಮಾಡಿದರು. ದಿನಕ್ಕೆ ಬೆರಳೆಣಿಕೆ ರೈಲು. ವಿಮಾನ ನಿಮ್ಮ ರೈಲಿಗೆ ಕಾಯುತ್ತಾ?

ಬೆಂಗಳೂರಿಗೆ ಲೋಕಲ್ ರೈಲು ಬೇಕು ಅಂತ ಮೊದಲು ಪ್ರಸ್ತಾಪ ಬಂದಿದ್ದು 1983ರಲ್ಲಿ. ಮೀಟರ್ ಗೇಜ್ ಇನ್ನೂ ಜೀವಂತ ಇದ್ದಾಗ. ಸಬ್‌ಅರ್ಬನ್ ಯೋಜನೆಗೆ ಶಂಕುಸ್ಥಾಪನೆ ಆಗಿದ್ದು 2022ರ ಜೂನ್ 20ಕ್ಕೆ. 148 ಕಿಲೋಮೀಟರ್, ನಾಲ್ಕು ದಾರಿ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಹೆಸರು ಘಮಘಮ. ಸಿಟಿ ಸ್ಟೇಷನ್ನಿಂದ ದೇವನಹಳ್ಳಿ ಕಡೆ ಹೋಗುವ ದಾರಿಗೆ ಸಂಪಿಗೆ ಅಂತ ಇಟ್ಟಿದ್ದಾರೆ, ಅದು ಮಲ್ಲೇಶ್ವರದ ಮೇಲೇ ಹೋಗಬೇಕು. ಶಂಕುಸ್ಥಾಪನೆಯ ವೇದಿಕೆಯಲ್ಲೇ 40 ತಿಂಗಳು ಅನ್ನೋ ಮಾತು ಬಂದಿತ್ತು. 1876ರಲ್ಲಿ ಬರ ಬಿತ್ತು, 1882ಕ್ಕೆ ರೈಲು ಮೈಸೂರು ಮುಟ್ಟಿತು. ಬುಲ್ಡೋಜರ್ ಇರಲಿಲ್ಲ, ದುಡ್ಡೂ ಇರಲಿಲ್ಲ. ವರ್ಷ ನೀವೇ ಎಣಿಸಿ.

ಮೈಸೂರಿನಿಂದ ಬೆಂಗಳೂರಿನ ಮೇಲೆ ತಾಳಗುಪ್ಪಕ್ಕೆ ಹೋಗುವ ರೈಲು ರಾತ್ರಿ ಸಿಟಿ ಸ್ಟೇಷನ್ ಬಿಡುತ್ತೆ. ಕೆಲವೇ ನಿಮಿಷಕ್ಕೆ ಮಲ್ಲೇಶ್ವರ. ಬೆಳಗಿನ ಜಾವ ಶಿವಮೊಗ್ಗ ದಾಟಿ, ಕಾಡಿನೊಳಗೆ ನುಗ್ಗಿ, ಅರಸಾಳಿನ ಮಾಲ್ಗುಡಿ ಬೋರ್ಡಿನ ಪಕ್ಕದಲ್ಲೇ ಹಾದು ಸಾಗರಕ್ಕೆ ಹೋಗುತ್ತೆ. ನಿಜವಾದ ಮಲ್ಲೇಶ್ವರದಿಂದ ಕಥೆಯ ಮಾಲ್ಗುಡಿಗೆ ಒಂದೇ ಗಾಡಿ, ಬದಲಾಯಿಸೋದೇ ಬೇಡ. ಆದರೆ ಮಲ್ಲೇಶ್ವರದವರು ಅದನ್ನ ಹತ್ತಬೇಕು ಅಂದ್ರೆ ಆಟೋ ಹಿಡಿದು ಸಿಟಿ ಸ್ಟೇಷನ್ನಿಗೋ ಯಶವಂತಪುರಕ್ಕೋ ಹೋಗಬೇಕು. ಮೊನ್ನೆ ರಾತ್ರಿ ಬುಲೆಟಿನ್ ಮುಗಿಸಿ ಆ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತಿದ್ದೆ. ಬೆಂಚಿನ ಮೇಲೆ ಒಬ್ಬರು ಮಲಗಿದ್ದರು, ನಾಯಿಯೊಂದು ಇತ್ತು. ದೂರದಲ್ಲಿ ಹೆಡ್‌ಲೈಟ್ ಕಾಣಿಸಿತು. ನಾನೂ ಸುಮ್ಮನೆ, ತಾಳಗುಪ್ಪದವರ ಹಾಗೆ, ಕೈ ತೋರಿಸಿದೆ.